ಎಲ್ಲಾ ಫಿರಂಗಿಯೂ ಟಿಪ್ಪುವಿನದ್ದೇ?

ಬೆಂಗಳೂರಲ್ಲಿ ಒಂದು ಅಲಿಖಿತ ಕಾನೂನಿದೆ. ತುಕ್ಕು ಹಿಡಿದ ಫಿರಂಗಿ ಎಲ್ಲೇ ಕಂಡರೂ ಅದು ಟಿಪ್ಪುವಿನದ್ದು. 2012ರಲ್ಲಿ ಕೋಟೆಯ ಹತ್ತಿರ ಮೆಟ್ರೋಗೆ ನೆಲ ಅಗೆಯುವಾಗ ಹಳೇ ಫಿರಂಗಿಗಳು ಸಿಕ್ಕವಲ್ಲ, ಮೈಮೇಲಿನ ಮಣ್ಣು ಒಣಗುವ ಮೊದಲೇ ನಾಮಕರಣ ಮುಗಿದಿತ್ತು. ಟಿಪ್ಪುವನ್ನು ಹೊಗಳುವವರಿಗೂ ಬೈಯುವವರಿಗೂ ಒಮ್ಮತ ಇರುವುದು ಬಹುಶಃ ಇದೊಂದರಲ್ಲೇ.

ನನ್ನ ತಕರಾರು ಟಿಪ್ಪುವಿನ ಜೊತೆ ಅಲ್ಲ, ಬೋರ್ಡಿನ ಜೊತೆ. ಫಿರಂಗಿ ತನ್ನ ಜಾತಕವನ್ನು ಎಷ್ಟೋ ಸಲ ಮೈಮೇಲೇ ಹೊತ್ತಿರುತ್ತೆ ಕಣ್ರೀ, ಓದೋರು ಬೇಕು ಅಷ್ಟೆ. ಟಿಪ್ಪುವಿನ ಕಾರ್ಖಾನೆಯ ಕಂಚಿನ ಫಿರಂಗಿಗಳಲ್ಲಿ ಹುಲಿಯ ಪಟ್ಟೆ, ಹುಲಿಯ ಮುಖ, ಪರ್ಷಿಯನ್ ಬರಹ ಇರುವುದುಂಟು. ಇಂಗ್ಲಿಷ್ ಎರಕದ್ದಾದರೆ ರಾಜಮುದ್ರೆ ಇರಬಹುದು, ಬಾಣದ ಗುರುತು ಇರಬಹುದು, ಪಕ್ಕಕ್ಕೆ ಚಾಚಿದ ಎರಡು ಮೋಟುಗೂಟಗಳ ತುದಿಯಲ್ಲಿ ಎರಕದವರ ಅಕ್ಷರ ಇರಬಹುದು. 9-1-14 ಅಂತೇನಾದರೂ ಕಂಡರೆ ತಾರೀಖು ಅಂದ್ಕೊಂಡು ಸ್ಟೇಟಸ್ ಹಾಕಬೇಡಿ. ಅದು ತೂಕ. 112 ಪೌಂಡಿನ ಒಂಬತ್ತು, 28 ಪೌಂಡಿನ ಒಂದು, ಬಿಡಿ 14. ಒಟ್ಟು 1050 ಪೌಂಡು, ಸುಮಾರು 476 ಕಿಲೋ.

ಹಾಗಂತ ಇಂಗ್ಲಿಷ್ ಮುದ್ರೆ ಕಂಡಿದ್ದೇ ತಡ ‘ಬ್ರಿಟಿಷರ ಫಿರಂಗಿ’ ಅಂತ ಬೋರ್ಡು ಬದಲಿಸುವವರೂ ಅದೇ ಸೋಮಾರಿಗಳು. 1780ರಲ್ಲಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನೆಲಕಚ್ಚಿದಾಗ ಅದರ ತೋಪುಗಳು ಹೈದರಾಲಿಯ ಪಾಲಾದವು. 1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದಾಗ ಇಲ್ಲಿದ್ದ ತೋಪುಗಳು ಕಂಪನಿಯ ಪಾಲು. ಇಂಗ್ಲೆಂಡಿನಲ್ಲಿ ಹುಟ್ಟಿ, ಮೈಸೂರಿನ ಪರ ಗುಂಡು ಹಾರಿಸಿ, ಮತ್ತೆ ಕಂಪನಿಗೇ ವಾಪಸಾಗಿ, ಕೊನೆಗೆ ಯಾವುದೋ ಬೀದಿ ಮೂಲೆಯಲ್ಲಿ ಗೋಡೆಗೆ ಗಾಡಿ ತಾಗದಿರಲಿ ಅಂತ ತಲೆಕೆಳಗಾಗಿ ಹೂಳಿಸಿಕೊಂಡ ಫಿರಂಗಿಯೂ ಇರಬಹುದು. ಎರಕ ಹೊಯ್ದವರು ಯಾರು, ಹಾರಿಸಿದವರು ಯಾರು, ಇಲ್ಲಿಗೆ ತಂದು ಹಾಕಿದವರು ಯಾರು? ಮೂರಕ್ಕೂ ಒಂದೇ ಉತ್ತರ ಬೇಕು ಅನ್ನೋದು ನಮ್ಮ ಹಟ.

ಸುಳ್ಳು ಬೋರ್ಡಿಗಿಂತ ಕೆಟ್ಟದ್ದು ಪೇಂಟು. ಹಬ್ಬಕ್ಕೊಂದು ಸಲ ದಪ್ಪಗೆ ಕಪ್ಪೋ ಬೆಳ್ಳಿಬಣ್ಣವೋ ಬಳಿದರೆ ಮುದ್ರೆ, ಅಂಕಿ, ಅಕ್ಷರ ಎಲ್ಲ ಅದರಡಿ ಹೂತುಹೋಗುತ್ತೆ. ಬಾಯಿಗೆ ಸಿಮೆಂಟು ತುಂಬಿದರೆ ಒಳವ್ಯಾಸ ಅಳೆಯೋದೂ ಆಗಲ್ಲ. ಸಿಕ್ಕ ಜಾಗ ಗುರುತು ಹಾಕಿಕೊಳ್ಳದೆ ಕ್ರೇನಿಗೆ ಕಟ್ಟಿ ಎತ್ತಿದರೆ ಇದ್ದ ಇನ್ನೊಂದು ಸುಳಿವೂ ಹೋಯ್ತು. ರೂಟ್ ಕಾಸ್ ಖಾಲಿ ಬಿಟ್ಟು ಟಿಕೆಟ್ ಕ್ಲೋಸ್ ಮಾಡಿದರೆ ನಿಮ್ಮ ಆಫೀಸಲ್ಲಿ ಒಪ್ತಾರಾ?

ಬಣ್ಣದ ಬಜೆಟ್ಟನ್ನು ಒಂದು ವರ್ಷ ನಿಲ್ಲಿಸಿ, ತಿಳಿದವರಿಂದ ಆ ಪೇಂಟು ತೆಗೆಸಿ, ಮೋಟುಗೂಟಗಳ ಫೋಟೋ ತೆಗೆದು ಅಳತೆಗಳ ಸಮೇತ ಎಲ್ಲರಿಗೂ ಸಿಗುವ ಹಾಗೆ ಇಡಿ. ಅಲ್ಲೀವರೆಗೆ ಬೋರ್ಡಲ್ಲಿ ಎರಡೇ ಪದ ಸಾಕು: ‘ಮೂಲ ಗೊತ್ತಿಲ್ಲ’.