ಹಳೆಯ ಚಕ್ರ, ಹೊಸ ಹೊಳಪು, ಯಾರ ಬೆಟ್ಟ?

ಹಳೆಯ ಕಾರುಗಳ ಮಿಶ್ರಲೋಹದ ಚಕ್ರಗಳನ್ನು ಮನೆಯಲ್ಲೇ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಬಳಕೆಗೆ ತರುವ ಹವ್ಯಾಸವೊಂದು ಯುರೋಪು ಅಮೆರಿಕಗಳಲ್ಲಿ ದಶಕಗಳಿಂದ ಬೇರೂರಿದೆ. ಗುಡ್ಡಗಾಡಿನ ಹಳ್ಳಿಗರಿಗೂ ವಿದ್ಯಾರ್ಥಿಗಳಿಗೂ ಇದು ಯಾರದೋ ಶೋಕಿಯ ಸಂಗತಿಯೆಂದು ತೋರುವುದು ಸಹಜ. ಆದರೆ ಆ ಚಕ್ರದ ಬಹುಪಾಲು ಅಲ್ಯುಮಿನಿಯಮ್. ಅಲ್ಯುಮಿನಿಯಮ್ಮಿನ ಅದಿರು ಬಾಕ್ಸೈಟ್. ಭಾರತದಲ್ಲಿ ಬಾಕ್ಸೈಟ್ ಬಹುಮಟ್ಟಿಗೆ ಕುಳಿತಿರುವುದು ಬೆಟ್ಟಗಳ ನೆತ್ತಿಯ ಮೇಲೆ. ಚಕ್ರವೊಂದು ಇನ್ನೂ ಇಪ್ಪತ್ತು ವರ್ಷ ಉರುಳುವುದೋ ಗುಜರಿಗೆ ಬೀಳುವುದೋ ಎಂಬುದು ಆ ನೆತ್ತಿಗಳ ಕೆಳಗೆ ಬದುಕುವವರ ಪ್ರಶ್ನೆಯೂ ಹೌದು.

ಇಂಥ ಚಕ್ರಗಳಲ್ಲಿ ಅತ್ಯಂತ ಹೆಸರುವಾಸಿಯಾದದ್ದು ಹುಟ್ಟಿದ್ದು ಕೂಡ ಒಂದು ಮಲೆನಾಡಿನಲ್ಲೇ. ಜರ್ಮನಿಯ ನೈರುತ್ಯದಲ್ಲಿ ಬ್ಲ್ಯಾಕ್ ಫಾರೆಸ್ಟ್ ಎಂದು ಕರೆಯಲ್ಪಡುವ ಬೆಟ್ಟಸೀಮೆಯಿದೆ. ಅಲ್ಲಿ ಕಿಂಟ್ಸಿಗ್ ನದಿಯ ದಂಡೆಯ ಮೇಲಿನ ಪುಟ್ಟ ಊರು ಷಿಲ್ಟಾಕ್. ಬೆಟ್ಟದ ಮರಗಳನ್ನು ಕಡಿದು, ತೆಪ್ಪ ಕಟ್ಟಿ, ಹೊಳೆಯಲ್ಲಿ ರೈನ್ ನದಿಗೆ ಇಳಿಬಿಡುವುದೂ ತೊಗಲು ಹದ ಮಾಡುವುದೂ ಆ ಊರಿನ ಶತಮಾನಗಳ ಕಸುಬು. 19ನೆಯ ಶತಮಾನ ಮುಗಿಯುವ ಹೊತ್ತಿಗೆ ತೆಪ್ಪಗಳ ಕಾಲ ಮುಗಿಯಿತು. 1970ರಲ್ಲಿ ಹೈನ್ರಿಚ್ ಬೌಮ್‌ಗಾರ್ಟ್ನರ್ ಮತ್ತು ಕ್ಲಾಸ್ ಬ್ರಾಂಡ್ ಎಂಬಿಬ್ಬರು ತಮ್ಮ ಹಾಗೂ ಊರಿನ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಬಿಬಿಎಸ್ ಎಂಬ ಸಂಸ್ಥೆ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅದು ಪಂದ್ಯದ ಕಾರುಗಳಿಗೆ ಮೂರು ತುಂಡುಗಳ ಚಕ್ರವನ್ನು ತಯಾರಿಸಿತು. 1983ರಲ್ಲಿ ರಸ್ತೆಯ ಕಾರುಗಳಿಗೆಂದು ಆರ್‌ಎಸ್ ಎಂಬ ಮಾದರಿ ಬಂದಿತು. ಇಂದಿನ ಹವ್ಯಾಸಿಗಳು ಬಿಚ್ಚಿ ಜೋಡಿಸುವ ಚಕ್ರಗಳಲ್ಲಿ ಅದಕ್ಕೆ ಅಗ್ರಸ್ಥಾನ.

ಮೂರು ತುಂಡುಗಳೆಂದರೆ ನಡುವಣ ಅರಗಳ ಭಾಗ ಒಂದು, ಒಳಬದಿಯ ಬಳೆ ಒಂದು, ಹೊರಬದಿಯ ಬಳೆ ಇನ್ನೊಂದು. ಇವನ್ನು ಸುತ್ತಲೂ ಮೂವತ್ತರ ಆಸುಪಾಸಿನ ಸಣ್ಣ ಬೋಲ್ಟುಗಳು ಹಿಡಿದಿರುತ್ತವೆ. ಗಾಳಿ ಸೋರದಂತೆ ಕೂಡುಗೆರೆಗೆ ಅಂಟು ಬಳಿದಿರುತ್ತದೆ. ಪಂದ್ಯದಲ್ಲಿ ಹೊರಬಳೆ ನುಜ್ಜಾದರೆ ಅದೊಂದನ್ನೇ ಬದಲಿಸಬಹುದು. ಅಗಲ ಹೆಚ್ಚು ಬೇಕಾದರೆ ಬೇರೊಂದು ಬಳೆ ಹಾಕಬಹುದು. ಇದೇ ಆ ವಿನ್ಯಾಸದ ಮೂಲ ಲೆಕ್ಕಾಚಾರ. ಕಾರುಗಳಲ್ಲಿ ಈಗ ಸಾಮಾನ್ಯವಾದ ಅಲಾಯ್ ಚಕ್ರವಾದರೋ ಒಂದೇ ಎರಕದ ತುಂಡು. ಅದರ ಅಂಚು ಬಿರಿದರೆ ಇಡೀ ಚಕ್ರವೇ ಗುಜರಿ. ಬಿಚ್ಚಲು ಬರುವ ವಸ್ತುವಿಗೂ ಬಿಚ್ಚಲು ಬಾರದ ವಸ್ತುವಿಗೂ ಇರುವ ಅಂತರ ನೇಗಿಲನ್ನೋ ಪಂಪನ್ನೋ ತಾನೇ ಸರಿಪಡಿಸಿಕೊಂಡ ಯಾವ ರೈತನಿಗೂ ಹೊಸದಲ್ಲ.

ಹಳೆಯದನ್ನು ದುರಸ್ತಿ ಮಾಡುವವರಿಗೆ ಉದ್ಯಮ ಕೊಡುವ ಉತ್ತರವೊಂದಿದೆ: ಅಲ್ಯುಮಿನಿಯಮ್ಮನ್ನು ಎಷ್ಟು ಸಲ ಬೇಕಾದರೂ ಕರಗಿಸಬಹುದು, ಆದ್ದರಿಂದ ಹಳೆಯದನ್ನು ಗುಜರಿಗೆ ಕೊಟ್ಟು ಹೊಸದನ್ನು ಕೊಳ್ಳುವುದೇ ಪರಿಸರಕ್ಕೆ ಹಿತ. ಸರ್ಕಾರಗಳೂ ಇದೇ ಮಂತ್ರವನ್ನು ಜಪಿಸಿವೆ. 2009ರಲ್ಲಿ ಜರ್ಮನಿಯ ಸರ್ಕಾರ ಒಂಬತ್ತು ವರ್ಷ ದಾಟಿದ ಕಾರನ್ನು ಗುಜರಿಗೆ ಹಾಕಿ ಹೊಸ ಕಾರು ಕೊಂಡವರಿಗೆ ತಲಾ 2,500 ಯೂರೋ ಕೊಟ್ಟಿತು. 500 ಕೋಟಿ ಯೂರೋ ಬೊಕ್ಕಸದಿಂದ ಹೋಯಿತು. ಸುಮಾರು 20 ಲಕ್ಷ ಕಾರುಗಳು ನಜ್ಜುಗುಜ್ಜಾದವು. ಕಾರು ಮಾರಾಟ ಕುಸಿದಿದ್ದ ಕಾಲದಲ್ಲಿ ಕಾರ್ಖಾನೆಗಳನ್ನು ಎತ್ತಿನಿಲ್ಲಿಸಲು ಹೂಡಿದ ಈ ಉಪಾಯಕ್ಕೆ ಇಟ್ಟ ಅಧಿಕೃತ ಹೆಸರು ‘ಪರಿಸರ ಬಹುಮಾನ’! ಒಂಬತ್ತು ವರ್ಷದ ಗಟ್ಟಿಮುಟ್ಟಾದ ಕಾರನ್ನು ಜಜ್ಜುವುದು ಪರಿಸರ ಸೇವೆಯಾದರೆ ಪರಿಸರ ನಾಶವೆಂದು ಯಾವುದನ್ನು ಕರೆಯಬೇಕು? ಭಾರತವೂ 2021ರಲ್ಲಿ ತನ್ನ ವಾಹನ ಗುಜರಿ ನೀತಿಯನ್ನು ಹೊರಡಿಸಿತು. ಹೊಗೆಯುಗುಳುವ ಎಂಜಿನ್‌ಗಳನ್ನು ರಸ್ತೆಯಿಂದ ಇಳಿಸುವುದರಲ್ಲಿ ತಪ್ಪಿಲ್ಲ. ಹೊಗೆಯನ್ನೇ ಉಗುಳದ ಚಕ್ರವನ್ನೂ ಬಾಗಿಲನ್ನೂ ಆಸನವನ್ನೂ ಅದರ ಜೊತೆಗೇ ಯಂತ್ರದ ಬಾಯಿಗೆ ನೂಕುವುದರಲ್ಲಿ ತಪ್ಪಿದೆ.

ಕರಗಿಸುವ ಕಥೆಯಲ್ಲಿ ಅರ್ಧ ಸತ್ಯವಿದೆ. ಅದಿರಿನಿಂದ ಒಂದು ಕಿಲೋ ಅಲ್ಯುಮಿನಿಯಮ್ ತೆಗೆಯಲು ವಿದ್ಯುದ್ವಿಭಜನೆಯ ಹಂತವೊಂದರಲ್ಲೇ ಸುಮಾರು 14 ಯೂನಿಟ್ ವಿದ್ಯುತ್ ಬೇಕು. ಹಳೆಯದನ್ನು ಕರಗಿಸಲು ಬೇಕಾಗುವ ಶಕ್ತಿ ಹೊಸದಕ್ಕೆ ಬೇಕಾದುದರ ಇಪ್ಪತ್ತನೆಯ ಒಂದು ಪಾಲು ಮಾತ್ರ. ಉದ್ಯಮ ಮರೆಮಾಚುವುದು ಉಳಿದರ್ಧವನ್ನು. ಚಕ್ರದ ಎರಕಕ್ಕೆ ಕಬ್ಬಿಣದಂಶ ಅತ್ಯಲ್ಪವಾಗಿರುವ ಮಿಶ್ರಲೋಹವೇ ಆಗಬೇಕು. ಕಬ್ಬಿಣ ಹೆಚ್ಚಿದರೆ ಎರಕ ಪೆಡಸಾಗಿ ಬಿರಿಯುತ್ತದೆ. ಇಡೀ ಕಾರನ್ನು ನುಚ್ಚುಮಾಡಿ ಬಂದ ಬೆರಕೆ ಲೋಹದಲ್ಲಿ ಕಬ್ಬಿಣ ಸೇರಿಕೊಂಡಿರುತ್ತದೆ, ಅದನ್ನು ಬೇರ್ಪಡಿಸುವುದು ಕಷ್ಟ. ಹೀಗಾಗಿ ಅದು ಎಂಜಿನ್ನಿನ ಒರಟು ಎರಕಗಳಿಗೆ ಇಳಿಯುತ್ತದೆ. ಚಕ್ರಗಳನ್ನು ಮೊದಲೇ ಬಿಡಿಸಿ, ಬೇರೆಯಾಗಿ ಇಟ್ಟು ಕರಗಿಸಿದರೆ ಮಾತ್ರ ಅವು ಮತ್ತೆ ಚಕ್ರಗಳಾದಾವು. ಇಲ್ಲವಾದರೆ ಹೊಸ ಚಕ್ರಕ್ಕೆ ಹೊಸ ಲೋಹ ಬೇಕು.

ಚಕ್ರವೊಂದು ಎಂಟು ಕಿಲೋ ತೂಗುತ್ತದೆಂದು ಇಟ್ಟುಕೊಂಡರೆ ನಾಲ್ಕಕ್ಕೆ 32 ಕಿಲೋ. ವಿದ್ಯುತ್ತಿನ ಲೆಕ್ಕದಲ್ಲಿ ಅದು ಸುಮಾರು 450 ಯೂನಿಟ್: ತಿಂಗಳಿಗೆ 60 ಯೂನಿಟ್ ಉರಿಸುವ ಹಳ್ಳಿಮನೆಗೆ ಏಳು ತಿಂಗಳು ಸಾಲುವಷ್ಟು. ಅದಿರಿನ ಲೆಕ್ಕದಲ್ಲಿ ನೂರಮೂವತ್ತು ಕಿಲೋದಷ್ಟು ಬಾಕ್ಸೈಟ್. ಅದನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ಅಲ್ಯುಮಿನಾ ತೆಗೆದ ಮೇಲೆ ಉಳಿಯುವ ಕ್ಷಾರೀಯ ಕೆಂಪು ರಾಡಿಯೇ 60ರಿಂದ 90 ಕಿಲೋ. ಈ ರಾಡಿ ಏನು ಮಾಡಬಲ್ಲದೆಂಬುದನ್ನು ಹಂಗೇರಿಯ ಅಯ್ಕಾ ಪಟ್ಟಣದ ಬಳಿಯ ಹಳ್ಳಿಗಳು 2010ರ ಅಕ್ಟೋಬರ್ 4ರಂದು ಕಂಡವು. ರಾಡಿಯ ಕಟ್ಟೆಯೊಡೆದು ಹತ್ತು ಮಂದಿ ಸತ್ತರು, ಮಾರ್ಟ್ಸಲ್ ಹೊಳೆಯ ಜೀವಸಂಕುಲವೇ ಅಳಿಯಿತು.

ಬಾಕ್ಸೈಟ್ ಎಂಬುದು ಮಲೆನಾಡಿಗರು ಮನೆ ಕಟ್ಟುವ ಜಂಬಿಟ್ಟಿಗೆ ಕಲ್ಲಿನ ಒಡಹುಟ್ಟು. ಲಕ್ಷಾಂತರ ವರ್ಷಗಳ ಮಳೆ ಬೆಟ್ಟದ ಶಿಲೆಯಿಂದ ಉಳಿದೆಲ್ಲವನ್ನೂ ತೊಳೆದೊಯ್ದು ಅಲ್ಯುಮಿನಿಯಮ್ಮನ್ನೂ ಕಬ್ಬಿಣವನ್ನೂ ಬಿಟ್ಟುಹೋದದ್ದರ ಫಲ. ರಂಧ್ರಮಯವಾದ ಈ ಟೊಪ್ಪಿಗೆ ಮುಂಗಾರಿನ ನೀರನ್ನು ಹೀರಿ ಬೇಸಗೆಯ ಒರತೆಗಳಿಗೆ ಉಣಿಸುತ್ತದೆ. ಟೊಪ್ಪಿಗೆ ತೆಗೆದರೆ ತಪ್ಪಲಿನ ಒರತೆಗೆ ಏನಾಗುತ್ತದೆಂದು ಕೇಳಲು ವಿಜ್ಞಾನಿ ಬೇಕಿಲ್ಲ. ಪಶ್ಚಿಮ ಘಟ್ಟವೂ ಈ ಕಥೆಯ ಹೊರಗಿಲ್ಲ: ಬೆಳಗಾವಿಯ ಅಲ್ಯುಮಿನಾ ಕಾರ್ಖಾನೆಗೆ ಕೊಲ್ಲಾಪುರ ಜಿಲ್ಲೆಯ ದುರ್ಗಮಾನವಾಡಿಯ ಗುಡ್ಡಗಳಿಂದ ಬಾಕ್ಸೈಟ್ ಹೋಗಿದೆ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಹನ್ನೆರಡು ಗ್ರಾಮಸಭೆಗಳು ಸೇರಿದವು. ಹನ್ನೆರಡೂ ಗಣಿ ಬೇಡವೆಂದವು. ಆ ಸಭೆಗಳಲ್ಲಿ ಕುಳಿತ ಡೋಂಗ್ರಿಯಾ ಕೊಂಧರಿಗೆ ಷಿಲ್ಟಾಕಿನ ಚಕ್ರದ ಹೆಸರು ಗೊತ್ತಿರಬೇಕಾಗಿರಲಿಲ್ಲ. ಲೋಹದ ಬೇಡಿಕೆ ಬೆಟ್ಟಕ್ಕೆ ಬರುವಾಗ ಯಾವ ವಸ್ತುವಿಗಾಗಿ ಬಂದೆನೆಂದು ಹೇಳಿಕೊಂಡು ಬರುವುದಿಲ್ಲ.

ಆದ್ದರಿಂದ ಮನೆಯಲ್ಲಿ ಚಕ್ರ ದುರಸ್ತಿ ಮಾಡುವವನ ಮೂಲಪ್ರವೃತ್ತಿ ಮೆಚ್ಚತಕ್ಕದ್ದು. ಮೆಚ್ಚಲಾಗದ್ದು ಆ ಕೆಲಸವನ್ನು ಆವರಿಸಿರುವ ಹೊಳಪಿನ ವ್ಯಾಮೋಹ. ಚಕ್ರ ಗಟ್ಟಿಯಾಗಿದ್ದರೆ ಸಾಲದು, ಹೊರಬಳೆ ಕನ್ನಡಿಯಂತೆ ಮಿಂಚಬೇಕು. ಅದಕ್ಕಾಗಿ ಹಳೆಯ ಬಣ್ಣ ಕಳಚಲು ದಶಕಗಳ ಕಾಲ ಬಳಸಿದ್ದು ಡೈಕ್ಲೋರೋಮೀಥೇನ್. ಉಸಿರಿನಲ್ಲಿ ಒಳಹೊಕ್ಕರೆ ದೇಹದೊಳಗೇ ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡುವ ದ್ರಾವಕ. ಮುಚ್ಚಿದ ಕೋಣೆಗಳಲ್ಲಿ ಅದನ್ನು ಬಳಸಿ ಜನ ಸತ್ತಿದ್ದಾರೆ. ಅದಿರುವ ಬಣ್ಣಕಳಚುಕಗಳನ್ನು ಗೃಹಬಳಕೆಗೆ ಮಾರುವುದನ್ನು ಯುರೋಪ್ ಒಕ್ಕೂಟ ಕಳೆದ ದಶಕದ ಆರಂಭದ ಹೊತ್ತಿಗೇ ನಿಲ್ಲಿಸಿತು. ಅಮೆರಿಕ 2019ರವರೆಗೆ ತಡೆಯಿತು. ಬಳೆಯ ಆನೋಡೀಕೃತ ಪದರವನ್ನು ತೆಗೆಯಲು ಕಾಸ್ಟಿಕ್ ಸೋಡಾ ಸುರಿಯುತ್ತಾರೆ. ಅದು ಪದರವನ್ನು ತಿಂದ ಮೇಲೆ ಅಲ್ಯುಮಿನಿಯಮ್ಮನ್ನೂ ತಿನ್ನತೊಡಗಿ ಸ್ಫೋಟಿಸಬಲ್ಲ ಜಲಜನಕವನ್ನು ಬಿಡುತ್ತದೆ. ಬ್ರೇಕಿನ ಕಪ್ಪು ಕಲೆ ತೆಗೆಯುವ ಕೆಲವು ದ್ರಾವಣಗಳಲ್ಲಿ ಫ್ಲೋರೈಡ್ ಆಮ್ಲವೋ ಅದರ ಲವಣವೋ ಇರುತ್ತದೆ; ಚರ್ಮದ ಮೂಲಕ ಇಳಿದು ರಕ್ತದ, ಮೂಳೆಯ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವ ವಿಷವದು, ನೋವು ತಡವಾಗಿ ಕಾಣಿಸಿಕೊಳ್ಳಬಹುದು. ಹಳೆಯ ಅಡಿಬಣ್ಣಗಳಲ್ಲಿ ಕ್ರೋಮೇಟ್ ಇದ್ದೀತು. ಒಣಗಾಗಿ ಉಜ್ಜಿದರೆ ಅದು ಧೂಳಾಗಿ ಶ್ವಾಸಕೋಶ ಸೇರುತ್ತದೆ. ಮೇಲಿನ ಮೆರುಗಿಗೆ ಸಿಂಪಡಿಸುವ ಎರಡು ಭಾಗದ ಲ್ಯಾಕರಿನಲ್ಲಿ ಐಸೋಸಯನೇಟ್. ಬಣ್ಣದ ಕೆಲಸಗಾರರಿಗೆ ಉಬ್ಬಸ ತರುವುದರಲ್ಲಿ ಕುಖ್ಯಾತ. ಇಷ್ಟೆಲ್ಲ ಮಾಡಿದ ಮೇಲೆ ‘ಹಳೆಯದನ್ನು ಉಳಿಸಿದೆ’ ಎಂಬ ಹೆಮ್ಮೆ!

ತೊಳೆದ ನೀರು ಎಲ್ಲಿಗೆ ಹೋಯಿತು? ನಾಲ್ಕು ಚಕ್ರಗಳ ತೊಳೆನೀರು ಅಯ್ಕಾದ ರಾಡಿಯ ಮುಂದೆ ಒಂದು ಹನಿ, ನಿಜ. ಆದರೆ ಹಿತ್ತಲ ಬಾವಿಯೂ ಚಿಕ್ಕದೇ. ಬೈಕಿನ ಅಲಾಯ್ ಚಕ್ರಕ್ಕೆ ಬಣ್ಣ ಬದಲಿಸಲು ಇವೇ ಡಬ್ಬಿಗಳನ್ನು ತರುವ ಮಲೆನಾಡಿನ ವಿದ್ಯಾರ್ಥಿಗಳು ಇದನ್ನು ತಿಳಿದಿರಬೇಕು. ಇಲ್ಲಿನ ಜಂಬಿಟ್ಟಿಗೆ ಮಣ್ಣು ಮೊದಲೇ ಹುಳಿ. ರಸಸಾರ 5.5ಕ್ಕಿಂತ ಕೆಳಗಿಳಿದಂತೆ ಜೇಡಿಯಲ್ಲಿ ಬಂಧಿಯಾಗಿದ್ದ ಅಲ್ಯುಮಿನಿಯಮ್ ಕರಗಿ ಹೊರಬರುತ್ತದೆ, ಬೇರಿನ ತುದಿಯನ್ನು ಮೊಟಕುಗೊಳಿಸುತ್ತದೆ. ರೈತ ಸುಣ್ಣ ಹಾಕುವುದೇ ಇದನ್ನು ತಡೆಯಲು. ಅಂಥ ಮಣ್ಣಿಗೆ ಆಮ್ಲ ಸುರಿಯುವುದೆಂದರೆ ಗಾಯಕ್ಕೆ ಉಪ್ಪು. ಕಾಸ್ಟಿಕ್ ಕ್ಷಾರವಲ್ಲವೇ, ಹುಳಿ ಮುರಿಯುತ್ತದಲ್ಲ ಎಂದು ಯಾರಾದರೂ ವಾದಿಸಿಯಾರು. ಅದರ ಸೋಡಿಯಂ ಜೇಡಿಯ ಕಣಗಳನ್ನು ಚದುರಿಸಿ ಮಣ್ಣಿನ ರಚನೆಯನ್ನೇ ಕೆಡಿಸುತ್ತದೆ. ಆರು ವೇಲೆನ್ಸಿಯ ಕ್ರೋಮಿಯಂ ನೀರಿನೊಡನೆ ಸಲೀಸಾಗಿ ಚಲಿಸುತ್ತದೆ, ಬಾವಿ ಇಳಿಜಾರಿನಲ್ಲಿದ್ದರೆ ಅಲ್ಲಿಗೇ.

ಪ್ರಾಮಾಣಿಕ ದುರಸ್ತಿ ಬಹಳ ಸರಳ, ನೋಡಲು ಅಷ್ಟು ಬೆರಗಿನದಲ್ಲ. ಸಾಬೂನು ನೀರು, ಬಿರುಸು ಕುಂಚ, ಹಳೆಯ ಅಂಟನ್ನು ಎಬ್ಬಲು ಮರದ ಚಕ್ಕೆ, ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಮತ್ತು ತಾಳ್ಮೆ. ಉಕ್ಕಿನ ಬೋಲ್ಟೂ ಅಲ್ಯುಮಿನಿಯಮ್ಮೂ ಕೂಡುವಲ್ಲಿ ಚಳಿಗಾಲದ ರಸ್ತೆಗೆ ಎರಚಿದ ಉಪ್ಪು ಸೇರಿದರೆ ಬಿಳಿಯ ಹುಡಿಯೇಳುತ್ತದೆ; ಬಹುಪಾಲು ಚಕ್ರಗಳ ಕಾಯಿಲೆ ಅಷ್ಟೇ. ಬಿರುಕು ಇದೆಯೇ ಎಂದು ಹುಡುಕಿ, ಬಾಗಿದ ಬಳೆಯನ್ನು ಬದಲಿಸಿ, ಹೊಸ ಅಂಟು ಬಳಿದು, ಬೋಲ್ಟುಗಳನ್ನು ತಯಾರಕರು ಹೇಳಿದ ಬಿಗಿತಕ್ಕೆ ಎದುರುಬದುರಾಗಿ ತಿರುಗಿಸಿ, ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡಿದರೆ ಕೆಲಸವಾಯಿತು. ಕಲೆಗಳು ಇದ್ದುಕೊಳ್ಳಲಿ. ಬಿರುಕಿಗೆ ಬೆಸುಗೆ ಮಾತ್ರ ಸಲ್ಲದು: ಎರಕಕ್ಕೆ ಶಾಖಸಂಸ್ಕಾರದಿಂದ ಬಂದ ಹದ ಬೆಸುಗೆಯ ಬಿಸಿಗೆ ಅಳಿದುಹೋಗುತ್ತದೆ, ಅಂಥ ಚಕ್ರ ಓಡುವಾಗ ಮುರಿಯಬಹುದು. ಪಂದ್ಯದ ಹಳೆಯ ಚಕ್ರಗಳಲ್ಲಿ ಕೆಲವು ಮೆಗ್ನೀಶಿಯಮ್ಮಿನವು. ಅವುಗಳ ಹುಡಿಗೆ ಬೆಂಕಿ ಹೊತ್ತಿದರೆ ನೀರು ಹಾಕುವಂತಿಲ್ಲ, ಒಣ ಮರಳೇ ಗತಿ. ಇನ್ನೊಂದು ಮಾತು ಮಲೆನಾಡಿನವರಿಗೆ ನೇರವಾಗಿ ಸಂಬಂಧಿಸಿದ್ದು: ಎರಡನೆಯ ಮಹಾಯುದ್ಧದ ಜೀಪುಗಳ ಉಕ್ಕಿನ ಚಕ್ರಗಳೂ ಎರಡು ಹೋಳುಗಳನ್ನು ನಟ್ಟುಗಳಿಂದ ಬಿಗಿದವೇ. ಲಾರಿಯ ಬಳೆಬೀಗದ ರಿಮ್ಮುಗಳೂ ಬಿಡಿಭಾಗಗಳವೇ. ಟೈರಿನ ಗಾಳಿ ಪೂರ್ತಿ ಬಿಡದೆ ಇವಕ್ಕೆ ಕೈಹಾಕಿದವರು ಸಿಡಿದ ಬಳೆಗೆ ಬಲಿಯಾಗಿದ್ದಾರೆ. ಅಲ್ಯುಮಿನಿಯಮ್ಮಿನ ಚಕ್ರಕ್ಕೂ ಇದೇ ನಿಯಮ.

ದುರಸ್ತಿಯ ಹಕ್ಕು ಬಿಡಿಭಾಗ ಸಿಗುವವರೆಗೆ ಮಾತ್ರ. 2007ರಿಂದೀಚೆಗೆ ಬಿಬಿಎಸ್ ಹಲವು ಬಾರಿ ದಿವಾಳಿ ಅರ್ಜಿ ಹಾಕಿದೆ. ಹಾಗಿದ್ದೂ ಅದರ ನಲವತ್ತು ವರ್ಷದ ಚಕ್ರಗಳು ಓಡುತ್ತಿರುವುದಕ್ಕೆ ಕಾರಣ, ಬಳೆಗಳನ್ನೂ ಬೋಲ್ಟುಗಳನ್ನೂ ಬೇರೆ ಸಣ್ಣ ಕಾರ್ಖಾನೆಗಳು ತಯಾರಿಸುತ್ತಿರುವುದು. ಟ್ರ್ಯಾಕ್ಟರಿನಿಂದ ಪಂಪಿನವರೆಗೆ ಎಲ್ಲದಕ್ಕೂ ಅಳತೆಗಳು ಬಹಿರಂಗವಾಗಿರಬೇಕು, ಬಿಡಿಭಾಗಗಳು ಬಿಡಿಯಾಗಿಯೇ ಸಿಗಬೇಕು ಎಂಬ ಒತ್ತಾಯವನ್ನು ಗುಜರಿ ನೀತಿಯ ಚರ್ಚೆಯಲ್ಲಿ ಎತ್ತಬೇಕಾಗಿದೆ. ಜೊತೆಗೆ ವಿಷದ ಡಬ್ಬಿಗಳ ಪ್ರಶ್ನೆ. ಜರ್ಮನಿಯ ಜಿಲ್ಲೆಗಳಲ್ಲಿ ಮನೆಗಳಿಂದ ಉಳಿದ ಬಣ್ಣ, ದ್ರಾವಕ, ಆಮ್ಲಗಳನ್ನು ಒಯ್ಯಲು ನಿಗದಿತ ದಿನ ವಾಹನ ಬಂದು ನಿಲ್ಲುತ್ತದೆ. ಭಾರತದ 2016ರ ಘನತ್ಯಾಜ್ಯ ನಿಯಮಗಳು ನಗರಗಳ ಹಾಗೂ ಗಣತಿ ಪಟ್ಟಣಗಳ ಸ್ಥಳೀಯ ಸಂಸ್ಥೆಗಳು ಪ್ರತಿ 20 ಚದರ ಕಿಲೋಮೀಟರಿಗೆ ಒಂದರಂತೆ ಗೃಹಮೂಲದ ಅಪಾಯಕಾರಿ ತ್ಯಾಜ್ಯದ ಸಂಗ್ರಹ ಕೇಂದ್ರ ತೆರೆಯಬೇಕೆಂದು ವಿಧಿಸಿದ್ದವು. ಮಲೆನಾಡಿನ ಪೇಟೆಗಳಲ್ಲಿ ಅಂಥ ಕೇಂದ್ರ ಎಲ್ಲಿದೆ, ಇಲ್ಲವಾದರೆ ಏಕಿಲ್ಲ ಎಂದು ವಿದ್ಯಾರ್ಥಿಗಳು ತಮ್ಮ ತಮ್ಮ ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಅರ್ಜಿ ಹಾಕಿ ಕೇಳಬಹುದು.