ಮನೆವಾರ್ತೆ: ಮೋಟಾರಿನ ನೆನಪಿನ ದೀಪ

ದೀಪವನ್ನು ‘ಆರಿಸು’ ಎಂದು ಹೇಳಲು ನಮ್ಮ ಹಿರಿಯರಿಗೆ ಬಾಯಿ ಬರುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಇಂದಿಗೂ ‘ದೀಪ ಶಾಂತ ಮಾಡು’ ಎಂದೇ ಹೇಳುವರು. ಆದರೆ ಈಗ ಮನೆಮನೆಯ ಅಂಗಳಕ್ಕೆ ಬಂದು ನಿಂತಿರುವ ಮೋಟಾರಿನಲ್ಲಿ, ತಕ್ಕ ಕಾಲಕ್ಕೆ ಆರಿಸಲೇಬೇಕಾದ ದೀಪವೊಂದುಂಟು. ಅದನ್ನು ಆರಿಸುವ ಬಗೆಯನ್ನೂ, ಅದಕ್ಕಿಂತ ಮುಖ್ಯವಾಗಿ ಆರಿಸುವ ಅಧಿಕಾರ ನಮಗೆ ಯಾವಾಗ ಬರುವುದೆಂಬುದನ್ನೂ ಈ ತಿಂಗಳು ವಾಚಕರೊಡನೆ ವಿಚಾರಿಸಬಯಸುತ್ತೇವೆ.

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯ ಜಾತ್ರೆಗೆಂದು ಹೊರಟಿದ್ದ ನಾವು, ದಾರಿಯಲ್ಲಿ ಗುಡೂರಿನ ಆಪ್ತರೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದೆವು. ಇಳಕಲ್ಲ ಸೀರೆಯ ನೇಕಾರಿಕೆ ಅವರ ಮನೆತನದ ಕಸಬು. ಪಡಸಾಲೆಯ ಪಕ್ಕದಲ್ಲಿ ಮಗ್ಗ, ಹೊರಗೆ ಬೇವಿನ ನೆರಳಲ್ಲಿ ಮೋಟಾರು. ಉಪಾಹಾರವಾದ ಮೇಲೆ ಮನೆಯ ಯಜಮಾನಿತಿ ನಮ್ಮನ್ನು ಆ ಮೋಟಾರಿನ ಹತ್ತಿರ ಕರೆದೊಯ್ದು, ಚಾವಿಯನ್ನು ತಿರುಗಿಸಿ ತೋರಿಸಿದರು. ಡ್ಯಾಶ್‌ಬೋರ್ಡಿನ ಮೇಲೆ ಪಾನದ ಚಿತ್ರವುಳ್ಳ ಹಳದಿ ದೀಪವೊಂದು ಮಿನುಗುತ್ತಿತ್ತು.

“ಎಣ್ಣಿ ಬದಲ ಮಾಡಿಸೇವ್ರಿ. ಆದ್ರೂ ಈ ದೀಪ ಹೋಗವಲ್ದು. ನಾವ ಒತ್ತಿ ತಗದ್ರ ಬರತೈತಿ ಅಂತಾರ. ಹಂಗ ತಗದ್ರ ಮೋಸ ಆಗಂಗಿಲ್ಲೇನ್ರಿ?” ಎಂದರು.

ಅವರ ಸಂಶಯಕ್ಕೆ ಕಾರಣವಿತ್ತು. ಎರಡು ವರ್ಷಗಳ ಹಿಂದೆ ಆ ಗಾಡಿಯನ್ನು ಅವರು ಕೈಬದಲಿನಿಂದ ಕೊಂಡಾಗ ದೀಪ ಉರಿಯುತ್ತಿರಲಿಲ್ಲ. ದೀಪವಿಲ್ಲವೆಂದ ಮೇಲೆ ದೋಷವೂ ಇಲ್ಲವೆಂದು ನಂಬಿದರು. ಕೆಲವೇ ತಿಂಗಳಲ್ಲಿ ಇಂಜಿನ್ನು ಕಟಕಟ ಸದ್ದು ಮಾಡತೊಡಗಿತು. ಮೇಸ್ತ್ರಿ ಬಿಚ್ಚಿ ನೋಡಿದರೆ, ತಳದಲ್ಲಿ ಉಳಿದಿದ್ದ ಅಷ್ಟಿಷ್ಟು ಎಣ್ಣೆ ಡಾಂಬರಿನಂತೆ ಗಟ್ಟಿಯಾಗಿತ್ತು. ಮಾರಿದವನು ಎಣ್ಣೆಯನ್ನು ಬದಲಿಸದೆ ದೀಪವನ್ನಷ್ಟೇ ಆರಿಸಿ ಕೊಟ್ಟಿದ್ದನು. ಮಗಳ ಮದುವೆಗೆಂದು ಕೂಡಿಟ್ಟ ಹಣದಲ್ಲಿ ದೊಡ್ಡ ಪಾಲು ಆ ದುರಸ್ತಿಗೆ ಹೋಯಿತು. ಅಂದಿನಿಂದ ಆ ತಾಯಿಗೆ ದೀಪ ಉರಿದರೂ ಅಂಜಿಕೆ, ಉರಿಯದಿದ್ದರೂ ಅಂಜಿಕೆ.

ಆದಕಾರಣ ಈ ದೀಪದ ಸ್ವಭಾವವನ್ನು ಮೊದಲು ತಿಳಿಯತಕ್ಕದ್ದು. ಬಹುತೇಕ ಗಾಡಿಗಳಲ್ಲಿ ಅದು ಎಣ್ಣೆಯ ತೊಟ್ಟಿಯೊಳಗೆ ಇಣುಕಿ ನೋಡುವುದಿಲ್ಲ. ಹಿಂದಿನ ಸಲ ಆರಿಸಿದಂದಿನಿಂದ ಇಷ್ಟು ಕಿಲೋಮೀಟರು ಓಡಿತು, ಇಷ್ಟು ದಿನ ಕಳೆಯಿತು ಎಂದು ಎಣಿಸುವುದಷ್ಟೇ ಅದರ ಕೆಲಸ. ನಮ್ಮ ದೇಶದ ಅನೇಕ ಪೆಟ್ರೋಲ್ ಗಾಡಿಗಳಿಗೆ ೧೦,೦೦೦ ಕಿಲೋಮೀಟರು ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಗಡುವು. ೧೯೮೦ರ ದಶಕದಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯೂ. ಗಾಡಿಗಳಲ್ಲಿ ಹಸಿರು, ಹಳದಿ, ಕೆಂಪು ದೀಪಗಳ ಸಾಲೊಂದು ಈ ಕೆಲಸಕ್ಕಾಗಿಯೇ ಬಂದಿತು. ಇಂಜಿನ್ನಿನ ಬಿಸಿಯನ್ನೂ ತಿರುಗುವ ವೇಗವನ್ನೂ ಲೆಕ್ಕಕ್ಕೆ ಹಿಡಿದು ಎಣ್ಣೆಯ ಆಯುಷ್ಯವನ್ನು ಅಂದಾಜು ಮಾಡುವ ಗಾಡಿಗಳೂ ಈಗ ಇವೆ. ಆದರೂ ಎಣ್ಣೆಯನ್ನು ನಿಜವಾಗಿ ಬದಲಿಸಿದರೋ ಇಲ್ಲವೋ ಎಂಬುದನ್ನು ಗಾಡಿಗೆ ಹೇಳಬೇಕಾದವರು ನಾವೇ. ದೀಪವನ್ನು ಆರಿಸುವುದೆಂದರೆ ‘ಕೆಲಸ ಮುಗಿಯಿತು’ ಎಂದು ರುಜು ಹಾಕುವುದು.

ಆದ್ದರಿಂದ ರುಜುವಿಗೆ ಮೊದಲು ಪರೀಕ್ಷೆಯಾಗಲಿ. ಗ್ಯಾರೇಜಿನ ರಸೀದಿಯಲ್ಲಿ ಎಣ್ಣೆಯೂ ಎಣ್ಣೆಯ ಫಿಲ್ಟರೂ ನಮೂದಾಗಿವೆಯೇ ನೋಡಿರಿ. ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ, ಇಂಜಿನ್ನನ್ನು ಬಂದು ಮಾಡಿ, ಕೆಲವು ನಿಮಿಷ ತಡೆಯಿರಿ. ಅನಂತರ ಬಾನೆಟ್ಟನ್ನೆತ್ತಿ, ಎಣ್ಣೆಯ ಅಳತೆಕಡ್ಡಿಯನ್ನು ಹೊರತೆಗೆದು, ಅರಿವೆಯಿಂದ ಒರೆಸಿ, ಪೂರ್ಣ ಒಳಗಿಳಿಸಿ ಮತ್ತೆ ತೆಗೆಯಿರಿ. ಎಣ್ಣೆಯ ಗುರುತು ಎರಡು ಗೆರೆಗಳ ನಡುವೆ ಇರಬೇಕು. ಬಣ್ಣವೊಂದನ್ನೇ ನಂಬಬೇಡಿರಿ, ಡೀಸೆಲ್ ಗಾಡಿಯಲ್ಲಿ ಹೊಸ ಎಣ್ಣೆಯೂ ಸ್ವಲ್ಪ ಓಡಾಟದಲ್ಲಿಯೇ ಕಪ್ಪಾಗುವುದು.

ಇನ್ನು ಆರಿಸುವ ಬಗೆ. ಗಾಡಿಗಾಡಿಗೂ ಕ್ರಮ ಬೇರೆಯಾದುದರಿಂದ ಗಾಡಿಯೊಡನೆ ಬಂದ ಕೈಪಿಡಿಯೇ ಪ್ರಮಾಣ. ಅನೇಕ ಗಾಡಿಗಳಲ್ಲಿ ನಡೆಯುವ ಕ್ರಮ ಹೀಗಿದೆ: ಹ್ಯಾಂಡ್‌ಬ್ರೇಕನ್ನು ಎಳೆದು, ಚಾವಿಯನ್ನು ಬಂದು ಸ್ಥಾನದಲ್ಲಿರಿಸಿ, ಟ್ರಿಪ್ ಮೀಟರಿನ ಗುಂಡಿಯನ್ನು ಒತ್ತಿ ಹಿಡಿಯುವುದು, ಗುಂಡಿಯನ್ನು ಬಿಡದೆಯೇ, ಇಂಜಿನ್ನನ್ನು ಚಾಲೂ ಮಾಡದೆ, ಡ್ಯಾಶ್‌ಬೋರ್ಡಿನ ದೀಪಗಳು ಹತ್ತುವಷ್ಟು ಮಾತ್ರ ಚಾವಿಯನ್ನು ತಿರುಗಿಸುವುದು, ಸುಮಾರು ಹತ್ತು ಸೆಕೆಂಡು ಹಾಗೆಯೇ ಹಿಡಿದರೆ ಅಂಕೆಗಳು ಮಿನುಗಿ ಲೆಕ್ಕ ಮೊದಲಿಗೆ ಹೋಗುವುದು. ಹೊಸ ತರದ ಗಾಡಿಗಳಲ್ಲಿ ಪರದೆಯ ಮೇಲಿನ ಪಟ್ಟಿಯಲ್ಲಿಯೇ ಇದಕ್ಕೆ ಸ್ಥಳವಿರುತ್ತದೆ. ಕೆಲವಕ್ಕೆ ಗ್ಯಾರೇಜಿನ ಯಂತ್ರವೇ ಬೇಕು. ಅಲ್ಲಿ ಬಲಾತ್ಕಾರ ಸಲ್ಲದು.

ಒಂದು ಎಚ್ಚರಿಕೆ. ಎಣ್ಣೆಯ ಗಿಂಡಿಯ ಚಿತ್ರವುಳ್ಳ ಕೆಂಪು ದೀಪ ಬೇರೆ, ಈ ಪಾನದ ದೀಪ ಬೇರೆ. ಗಾಡಿ ಓಡುತ್ತಿರುವಾಗ ಆ ಕೆಂಪು ದೀಪ ಹತ್ತಿದರೆ ಎಣ್ಣೆಯ ಒತ್ತಡ ಕುಸಿದಿದೆಯೆಂದು ಅರ್ಥ. ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ನನ್ನು ಬಂದು ಮಾಡತಕ್ಕದ್ದು. ಇಂಜಿನ್ನಿನ ಚಿತ್ರದ ಹಳದಿ ದೀಪವೂ ನಿಜವಾದ ದೋಷವನ್ನೇ ಸೂಚಿಸುವುದು. ಇವನ್ನು ಗುಂಡಿ ಒತ್ತಿ ಸುಮ್ಮನಾಗಿಸುವ ಯೋಚನೆ ಯಾರಿಗೂ ಬಾರದಿರಲಿ.

ಗುಡೂರಿನ ಮೋಟಾರಿನಲ್ಲಿ ರಸೀದಿ ಸರಿಯಾಗಿತ್ತು, ಕಡ್ಡಿಯ ಮೇಲಿನ ಎಣ್ಣೆಯೂ ಸರಿಯಾಗಿತ್ತು. ಗುಂಡಿಯನ್ನು ಮಾತ್ರ ನಾವು ಒತ್ತಲಿಲ್ಲ. ಕೈಪಿಡಿಯನ್ನು ಓದುತ್ತ ಹೋದೆವು, ಆ ಮನೆಯ ಮಗಳು ಒತ್ತಿದಳು. ಎರಡನೆಯ ಯತ್ನಕ್ಕೆ ದೀಪ ಶಾಂತವಾಯಿತು.

ಅಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಸೀರೆಯ ಲೆಕ್ಕದ ವಹಿಯಲ್ಲಿಯೇ ಒಂದು ಹಾಳೆಯನ್ನು ಬಿಟ್ಟು, ತಾರೀಖು, ಗಾಡಿ ಓಡಿದ ಕಿಲೋಮೀಟರು, ಹಾಕಿಸಿದ ಎಣ್ಣೆಯ ತರಗತಿ, ಫಿಲ್ಟರು, ಕೊಟ್ಟ ಹಣ ಇಷ್ಟನ್ನೂ ಬರೆಯಿಸಿದೆವು. ಬಯಲುಸೀಮೆಯ ಧೂಳಿನಲ್ಲಿ ಓಡುವ ಗಾಡಿಗೆ ಎಣ್ಣೆಯನ್ನೂ ಗಾಳಿಯ ಫಿಲ್ಟರನ್ನೂ ಗಡುವಿಗಿಂತ ಮೊದಲೇ ನೋಡಿಸಬೇಕೆಂದು ಅನೇಕ ಕೈಪಿಡಿಗಳಲ್ಲಿ ಬರೆದಿರುತ್ತದೆ. ಬರಿಯ ದಿನ, ಕಿಲೋಮೀಟರು ಎಣಿಸುವ ದೀಪಕ್ಕೆ ಧೂಳಿನ ಅರಿವಿಲ್ಲ; ಆ ಅರಿವು ವಹಿ ಇಡುವವರಿಗೆ ಇರಬೇಕು. ಗಾಡಿಯನ್ನು ಮುಂದೆ ಮಾರುವಾಗಲೂ ಆ ಹಾಳೆಯೇ ಸಾಕ್ಷಿ. ಕೊಳ್ಳುವವರಾದರೋ, ಆರಿದ ದೀಪವನ್ನು ನೋಡಿ ಮರುಳಾಗದೆ ರಸೀದಿಗಳನ್ನು ಕೇಳಿ ಪಡೆಯಲಿ.

ಹೊರಡುವಾಗ ಆ ತಾಯಿ ಮಗ್ಗದ ಕಡೆಗೆ ಕೈ ಮಾಡಿ ನಕ್ಕರು: “ಖರೆ ಅದರಿ. ಸೀರಿ ಮಗ್ಗದಿಂದ ಇಳಿಯೂಕಿಂತ ಮದಲ ವಹಿಯೊಳಗ ಬರಿಯಾಕ ಬರತೈತೇನ್ರಿ?”

ನಾವು ಇಷ್ಟು ಬರೆದುದರ ಸಾರವೆಲ್ಲ ಆ ಒಂದು ಮಾತಿನಲ್ಲಿದೆ.