ಬೆಂಕಿ ಬಿದ್ದ ಮೇಲೆ ಬಾವಿ ತೋಡಬೇಡಿ

ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆಯನ್ನು ನಾವೆಲ್ಲರೂ ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದು ಅಂಕ ತಗೊಂಡಿದ್ದೇವೆ. ಆದರೆ ನಮ್ಮ ಹೊಲಗಳಲ್ಲಿ ವರ್ಷಾ ವರ್ಷ ನಡೆಯುವುದು ಅದೇ ಕೆಲಸ. ರಾಗಿಗೆ ಬರುವ ಒಂದು ದೊಡ್ಡ ರೋಗದ ಹೆಸರೇ ಬೆಂಕಿ ರೋಗ. ಅದು ತೆನೆಗೆ ಬಿದ್ದ ಮೇಲೆ ನಮ್ಮ ಹಿರಿಯರು ಔಷಧಿ ಅಂಗಡಿಗೆ ಓಡುತ್ತಾರೆ. ಬಿತ್ತುವ ಹಿಂದಿನ ದಿನವೇ ಬೀಜಕ್ಕೆ ಉಪಚಾರ ಮಾಡಬೇಕು, ಅದನ್ನು ಮನೆ ಮನೆಗೆ ನೆನಪು ಮಾಡುವ ಕೆಲಸ ನಮ್ಮ ಶಾಲೆಯದಾಗಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಜೋಳದ ಕಾಡಿಗೆ ರೋಗವನ್ನೇ ನೋಡಿ. ಹಿರಿಯೂರು ಕಡೆ ಎರೆ ಹೊಲದಲ್ಲಿ ಜೋಳ ಬೆಳೆಯುವವರಿಗೆ ಇದು ಗೊತ್ತು. ತೆನೆಯಲ್ಲಿ ಕಾಳು ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಚಿಕ್ಕ ಚೀಲ ಇರುತ್ತದೆ. ಒಡೆದರೆ ಕಣ್ಣಿಗೆ ಹಚ್ಚುವ ಕಾಡಿಗೆಯಂಥ ಕಪ್ಪು ಪುಡಿ. ಆ ಪುಡಿಯ ಒಂದೊಂದು ಕಣವೂ ಶಿಲೀಂಧ್ರದ ಬೀಜಾಣು. ಕಣದಲ್ಲಿ ತೆನೆ ಬಡಿಯುವಾಗ ಚೀಲಗಳು ಒಡೆದು, ಪುಡಿ ಹಾರಿ, ಒಳ್ಳೇ ಕಾಳುಗಳ ಮೈಗೆ ಅಂಟಿಕೊಳ್ಳುತ್ತದೆ. ಮುಂದಿನ ವರ್ಷ ಅದೇ ಕಾಳು ಬಿತ್ತಿದಾಗ ಬೀಜದ ಜೊತೆಗೆ ಶಿಲೀಂಧ್ರವೂ ಮೊಳೆತು ಸಸಿಯ ಒಳಗೆ ಸೇರುತ್ತದೆ. ಆಮೇಲೆ ಗಿಡ ಹಸಿರಾಗಿ ಚೆನ್ನಾಗಿಯೇ ಕಾಣುತ್ತದೆ. ತೆನೆ ಬಂದಾಗಲೇ ಗುಟ್ಟು ರಟ್ಟಾಗುವುದು. ಆಗ ಎಷ್ಟು ಔಷಧಿ ಹೊಡೆದರೂ ಕಪ್ಪು ಪುಡಿ ಮತ್ತೆ ಕಾಳಾಗುವುದಿಲ್ಲ.

ಇದನ್ನು ತಡೆಯಲು ಒಂದು ಕಿಲೋ ಬೀಜಕ್ಕೆ 4 ಗ್ರಾಂ ಗಂಧಕದ ಪುಡಿ ಸಾಕು. ಎಕರೆಗೆ 3 ಕಿಲೋ ಬೀಜ ಅಂದರೆ 12 ಗ್ರಾಂ. ಇಷ್ಟು ಚಿಕ್ಕ ಕೆಲಸ ಬಿಟ್ಟು ಒಂದು ವರ್ಷದ ರೊಟ್ಟಿ ಕಳೆದುಕೊಳ್ಳುವುದು ಯಾವ ನ್ಯಾಯ?

ಈಗ ರಾಗಿಯ ವಿಷಯ. ಬೆಂಕಿ ರೋಗ ಮೂರು ಸಲ ಕಾಡುತ್ತದೆ. ಸಸಿಯಲ್ಲಿ ಎಲೆಯ ಮೇಲೆ ಕದಿರಿನ ಆಕಾರದ ಚುಕ್ಕೆ ಬರುತ್ತದೆ. ನಡುವೆ ಬೂದು, ಅಂಚು ಕಂದು. ಆಮೇಲೆ ತೆನೆಯ ಕುತ್ತಿಗೆ ಕಪ್ಪಾಗುತ್ತದೆ. ಕೊನೆಗೆ ತೆನೆಯ ಬೆರಳುಗಳಿಗೆ ತಗಲುತ್ತದೆ. ಕುತ್ತಿಗೆಗೆ ಬಂದರೆ ಮೇಲಕ್ಕೆ ಸಾರ ಹೋಗದೆ ಕಾಳು ಜಳ್ಳಾಗುತ್ತದೆ. ಮೋಡ, ಜಿಟಿಜಿಟಿ ಮಳೆ, ರಾತ್ರಿಯ ಚಳಿ, ಬೆಳಗಿನ ಇಬ್ಬನಿ, ಇವೆಲ್ಲ ಕೂಡಿದರೆ ಈ ರೋಗಕ್ಕೆ ಹಬ್ಬ. ಉತ್ತರೆ, ಹಸ್ತ ಮಳೆಯ ಹೊತ್ತಿಗೆ ನಮ್ಮ ರಾಗಿ ತೆನೆ ಬಿಡುವುದೂ, ಇಂಥ ಹವೆ ಬರುವುದೂ ಒಂದೇ ಸಮಯ.

ಹೋದ ವರ್ಷ ನಮ್ಮ ಎರಡು ಎಕರೆ ರಾಗಿಗೆ ಹೀಗೇ ಆಯಿತು. ಕುತ್ತಿಗೆ ಕಪ್ಪಾದ ಮೇಲೆ ನಮ್ಮಪ್ಪ ಸಾಲದ ಮೇಲೆ ಔಷಧಿ ತಂದರು. ಎಕರೆಗೆ ಸುಮಾರು 200 ಲೀಟರ್ ನೀರು ಬೇಕು. ಎರಡು ಎಕರೆಗೆ 400 ಲೀಟರ್! ಕುಡಿಯುವ ನೀರಿಗೇ ಸಾಲು ನಿಲ್ಲುವ ಊರಿನಲ್ಲಿ ಡ್ರಮ್ಮಿನಲ್ಲಿ ನೀರು ಹೊಡೆದು ಸಿಂಪಡಿಸಿದ್ದಾಯಿತು. ಕಪ್ಪಾದ ತೆನೆ ಕಪ್ಪಾಗೇ ಉಳಿಯಿತು. ಸಂಕ್ರಾಂತಿಗೆ ಮನೆ ಸೇರಿದ ರಾಗಿ ಉಗಾದಿ ಹೊತ್ತಿಗೆ ಮುಗಿಯಿತು. ಅಲ್ಲಿಂದ ನಾವು ರಾಗಿ ಕೊಂಡು ತಿನ್ನುತ್ತಿದ್ದೇವೆ, ಔಷಧಿ ಸಾಲ ಇನ್ನೂ ತೀರಿಲ್ಲ.

ಈಗ ಲೆಕ್ಕ ಮಾಡಿ. ಕೂರಿಗೆಯಲ್ಲಿ ಬಿತ್ತಲು ಎಕರೆಗೆ ಸುಮಾರು 5 ಕಿಲೋ ರಾಗಿ ಬೀಜ. ಕಿಲೋಗೆ 2 ಗ್ರಾಂ ಕಾರ್ಬೆಂಡೆಜಿಂ. ಒಟ್ಟು 10 ಗ್ರಾಂ. ಡ್ರಮ್ಮುಗಟ್ಟಲೆ ನೀರೂ ಬೇಡ, ಬೆನ್ನಿಗೆ ಪಂಪೂ ಬೇಡ. ಔಷಧಿ ಬೇಡ ಎನ್ನುವವರಿಗೆ ಸ್ಯೂಡೊಮೊನಾಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾದ ಪುಡಿಯೂ ಇದೆ, ಕಿಲೋ ಬೀಜಕ್ಕೆ 10 ಗ್ರಾಂ.

ಬೀಜೋಪಚಾರ ಒಂದರಿಂದಲೇ ಎಲ್ಲಾ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಅದು ಸಸಿಯನ್ನು ಕಾಯುತ್ತದೆ. ಆಮೇಲೆ ಬದುವಿನ ಹುಲ್ಲಿನಿಂದ, ಪಕ್ಕದ ಹೊಲದಿಂದ ರೋಗ ಗಾಳಿಯಲ್ಲಿ ಬರಬಹುದು. ಅದಕ್ಕೆ ರೋಗ ತಡೆಯುವ ತಳಿ ಬೇಕು. "ರಾಗಿ ಲಕ್ಷ್ಮಣಯ್ಯ" ಎಂದೇ ಹೆಸರಾದ ವಿಜ್ಞಾನಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಆಮೇಲೆ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಿಂದ ಬಂದ ಜಿಪಿಯು-28 ತಳಿ ಕುತ್ತಿಗೆ ಮತ್ತು ಬೆರಳಿನ ಬೆಂಕಿ ರೋಗವನ್ನು ಚೆನ್ನಾಗಿ ತಡೆಯುತ್ತದೆ. ಇನ್ನೊಂದು ಮಾತು, ಯೂರಿಯಾ. ಪೈರು ಕಪ್ಪಗೆ ಸೊಂಪಾಗಿ ಕಾಣಲಿ ಎಂದು ಒಂದೇ ಸಲ ಜಾಸ್ತಿ ಸುರಿದರೆ ರೋಗವನ್ನು ಕೈಬೀಸಿ ಕರೆದ ಹಾಗೆ. ಇಷ್ಟೆಲ್ಲ ಮಾಡಿಯೂ ತೆನೆ ಬಿಡುವಾಗ ರೋಗ ಕಂಡರೆ, ಆರಂಭದಲ್ಲೇ ಸಿಂಪಡಿಸಿದರೆ ಮಾತ್ರ ಫಲ.

ಇದಕ್ಕೆ ಊರಿನಲ್ಲಿ ಬರುವ ಉತ್ತರಗಳು ನನಗೆ ಗೊತ್ತು. ನಮ್ಮಜ್ಜ ಹೇಳುವುದು ಹೀಗೆ: "ನಮ್ ಕಾಲ್ದಾಗೆ ಯಾವ ಔಷ್ದಿ ಇತ್ತವ್ವಾ? ರಾಗಿ ಬೆಳೀಲಿಲ್ವಾ?" ಅಜ್ಜನ ಮಾತು ಸುಳ್ಳಲ್ಲ. ಆದರೆ ಅಜ್ಜ ಏನು ಮಾಡುತ್ತಿದ್ದರು ಎಂದು ಕೇಳಿದೆ. ಕೊಯ್ಲಿಗೆ ಮೊದಲು ಹೊಲದಲ್ಲಿ ಓಡಾಡಿ, ಒಂದು ಚುಕ್ಕೆಯೂ ಇಲ್ಲದ ದಪ್ಪ ತೆನೆಗಳನ್ನು ಆರಿಸಿ, ಬೇರೆಯಾಗಿ ಬಡಿದು, ಬೀಜಕ್ಕೆ ಇಡುತ್ತಿದ್ದರಂತೆ. ರಾಗಿಯ ನಡುವೆ ಅವರೆ, ತೊಗರಿ ಅಕ್ಕಡಿ ಸಾಲು ಹಾಕುತ್ತಿದ್ದರಂತೆ. ಅದೂ ಮುಂಜಾಗ್ರತೆಯೇ ತಾನೆ? ಈಗ ನಾವು ಅಜ್ಜನ ತೆನೆ ಆರಿಸುವುದನ್ನೂ ಬಿಟ್ಟೆವು, ಹೊಸ ಬೀಜೋಪಚಾರವನ್ನೂ ಕಲಿಯಲಿಲ್ಲ.

ಇನ್ನು ಕೆಲವರು "ಎಲ್ಲಾ ದೇವರಿಚ್ಛೆ" ಎನ್ನುತ್ತಾರೆ. ಮಳೆ ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ನಮ್ಮ ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ, ಅದು ಕೆರೆಯ ವಿಷಯ ಹೇಳುತ್ತದೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಮಳೆಗೆ ಮೊದಲೇ ಕೆರೆ ಕಟ್ಟಿದವರು ನಮ್ಮ ಹಿಂದಿನವರು. ನಾವು ಬೀಜದ ವಿಷಯದಲ್ಲಿ ಅಷ್ಟು ಬುದ್ಧಿ ತೋರಿಸಬಾರದೇ?

ಮಲೆನಾಡಿನ ಅಡಿಕೆ ತೋಟದವರನ್ನು ನೋಡಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತೋರಿಸಿಕೊಟ್ಟರು. ಇವತ್ತಿಗೂ ಅವರು ಮಳೆಗಾಲ ಜೋರಾಗುವ ಮೊದಲೇ ಮರ ಹತ್ತಿ ಕೊನೆಗೆ ಔಷಧಿ ಹೊಡೆಯುತ್ತಾರೆ, ಕೊಳೆಯಲಿ ನೋಡೋಣ ಎಂದು ಕಾಯುವುದಿಲ್ಲ. ಅಡಿಕೆ ದುಡ್ಡಿನ ಬೆಳೆ, ಅದಕ್ಕೆ ಅಷ್ಟು ಮರ್ಯಾದೆ. ದಿನಾ ಮುದ್ದೆ ಕೊಡುವ ರಾಗಿಗೆ ಯಾಕಿಲ್ಲ?

ಧಾನ್ಯದ ರೋಗ ಸಣ್ಣ ವಿಷಯವಲ್ಲ. 1942ರಲ್ಲಿ ಬಂಗಾಳದ ಭತ್ತಕ್ಕೆ ಕಂದು ಚುಕ್ಕೆ ರೋಗ ಬಂತು. 1943ರ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. ಯುದ್ಧ, ಬೆಲೆ ಏರಿಕೆ, ಬ್ರಿಟಿಷ್ ಸರ್ಕಾರದ ಅಲಕ್ಷ್ಯ ದೊಡ್ಡ ಕಾರಣಗಳು. ಜೊತೆಗೆ ಈ ಶಿಲೀಂಧ್ರದ ಪಾಲೂ ಇತ್ತು ಎಂದು ವಿಜ್ಞಾನಿ ಪದ್ಮನಾಭನ್ 1973ರಲ್ಲಿ ಬರೆದರು.

ಆದ್ದರಿಂದ ನನ್ನ ಸಲಹೆಗಳು ಇಷ್ಟು:

1. ಆರಿದ್ರಾ ಮಳೆಗೆ ಮೊದಲು ಈ ಗೋಡೆ ಪತ್ರಿಕೆಯಲ್ಲಿ ಬೀಜೋಪಚಾರದ ಅಳತೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಾಕೋಣ. ಓದಲು ಬಾರದ ಹಿರಿಯರಿಗೆ ಮನೆಯಲ್ಲಿ ಓದಿ ಹೇಳೋಣ.

2. ಗುರುಗಳು ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದವರನ್ನೋ, ನಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದವರನ್ನೋ ಒಂದು ದಿನ ಶಾಲೆಗೆ ಕರೆಸಬೇಕು. ನಮ್ಮ ತಂದೆ ತಾಯಂದಿರೂ ಬರಲಿ, ಅವರ ಎದುರಿಗೇ ಮಾಡಿ ತೋರಿಸಲಿ.

3. ಕೊಯ್ಲಿನ ಮೊದಲ ಭಾನುವಾರ ಒಳ್ಳೇ ತೆನೆ ಆರಿಸುವ ಕೆಲಸ ನಮ್ಮದು, ಮಕ್ಕಳದು. ಅದಕ್ಕೆ ಕಾಸೂ ಬೇಡ, ಔಷಧಿಯೂ ಬೇಡ.

4. ಔಷಧಿ ಮುಟ್ಟುವ ಕೆಲಸ ಮಾತ್ರ ದೊಡ್ಡವರದು. ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಳ್ಳಲಿ. ಅಡುಗೆ ಪಾತ್ರೆ ಬಳಸಬಾರದು. ಉಪಚರಿಸಿದ ಬೀಜ ಉಳಿದರೆ ಬೀಸಬಾರದು, ಕೋಳಿಗೆ ದನಕ್ಕೆ ಹಾಕಬಾರದು.

ಎಕರೆಗೆ 10 ಗ್ರಾಂ ಪುಡಿ, ಅರ್ಧ ಗಂಟೆ ಕೆಲಸ. ಇದಕ್ಕೆ ಸಾಲ ಬೇಕಿಲ್ಲ, ನೆನಪು ಬೇಕು. ಆ ನೆನಪು ಮಾಡುವವರು ನಾವಾಗೋಣ. ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಬರೆದು ಕೊಡಲಿ, ಉತ್ತರ ಬರೆಯಲು ನಾನು ಸಿದ್ಧಳಿದ್ದೇನೆ.

— 9ನೇ ತರಗತಿಯ ವಿದ್ಯಾರ್ಥಿನಿ